ಉಪ್ಪುಗಾಳಿ ತಿಂದ ಹೆಡ್‌ಫೋನ್ ಆಂಪ್ಲಿಫಯರ್: ರಿಪೇರಿ ದಾಖಲೆ

ದಿನ 1, ಸುರತ್ಕಲ್

9 ವೋಲ್ಟ್ ಬ್ಯಾಟರಿಯ ಪುಟ್ಟ ಆಂಪ್ಲಿಫಯರ್. ಒಳಗಿರುವುದು ಚು ಮೋಯ್ ರೂಪಿಸಿದ ‘ಸಿಮೋಯ್’ ಸರ್ಕ್ಯೂಟ್. ಆಟಿ ತಿಂಗಳ ಮಳೆಯಿಡೀ ಬ್ಯಾಟರಿ ಒಳಗೇ ಉಳಿದಿತ್ತು. ಈಗ ಎಡಗಡೆ ಸದ್ದು ಬಂದು ಹೋಗುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ, ಜೋರು ಮಾಡಿದರೆ ದನಿ ಒಡೆಯುತ್ತದೆ.

ಡಬ್ಬಿ ಬಿಚ್ಚಿದರೆ ಬ್ಯಾಟರಿ ಕ್ಲಿಪ್ಪಿನ ಸುತ್ತ ಬಿಳಿ ಹುಡಿ, ದನಿ ವರ್ಧಿಸುವ ಚಿಪ್ಪಿನ (ಐಸಿ) 4ನೇ ಕಾಲಿನ ಬುಡದಲ್ಲಿ ಹಸಿರು ಕಿಲುಬು. ಎರಡಕ್ಕೂ ಮದ್ದು ಬೇರೆ. ಬಿಳಿಯದು ಅಲ್ಕಲೈನ್ ಬ್ಯಾಟರಿಯಿಂದ ಸೋರಿದ ಕ್ಷಾರ. ಬರೇ ಸ್ಪಿರಿಟ್‌ನಿಂದ ಸರಿಯಾಗಿ ಹೋಗುವುದಿಲ್ಲ. ಹತ್ತಿ ಕಡ್ಡಿಗೆ ಬಿಳಿ ವಿನೆಗರ್ ಅದ್ದಿ, ನೊರೆ ನಿಲ್ಲುವವರೆಗೆ ಒರೆಸಬೇಕು. ಹಸಿರು ಬಂದದ್ದು ಉಪ್ಪು ಮತ್ತು ತೇವ ಸೇರಿ ತಾಮ್ರವನ್ನು ತಿಂದದ್ದರಿಂದ. ಅದನ್ನು ಹಳೆ ಟೂತ್‌ಬ್ರಶ್ಶಿನಿಂದ ಉಜ್ಜಿ ತೆಗೆಯಬೇಕು. ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್. ವಿನೆಗರ್ ಉಳಿದರೆ ಅದೇ ಹೊಸ ಕಿಲುಬಿಗೆ ಬೀಜ. ಬಿಸಿಲಿಲ್ಲದ ಕಾರಣ 60 ವಾಟ್ ಬಲ್ಬಿನಿಂದ ಒಂದು ಗೇಣು ದೂರದಲ್ಲಿಟ್ಟು ರಾತ್ರಿಯಿಡೀ ಒಣಗಿಸಿದ್ದಾಯಿತು.

ದಿನ 2

ಹೆಡ್‌ಫೋನ್ ಸಿಕ್ಕಿಸದೆ ಅಳತೆ. ಈ ಸರ್ಕ್ಯೂಟಿನಲ್ಲಿ 4.7 ಕಿಲೋಓಮಿನ ಎರಡು ರೆಸಿಸ್ಟರ್ ಬ್ಯಾಟರಿಯ ವೋಲ್ಟೇಜನ್ನು ಸಮಪಾಲು ಮಾಡುತ್ತವೆ; ಆ ನಡುಬಿಂದುವೇ ಗ್ರೌಂಡ್. ಬ್ಯಾಟರಿ 8.8 ವೋಲ್ಟ್ ಇದ್ದಾಗ ಆಚೆ ಈಚೆ 4.4 ಇರಬೇಕಿತ್ತು. ಸಿಕ್ಕಿದ್ದು +6.1, −2.7. ಕೆಳಗಿನ ಪಾಲು ಇಷ್ಟು ಕುಗ್ಗಿದರೆ ಅಲೆಯ ಕೆಳಭಾಗ ಬೇಗ ಕತ್ತರಿಸಿಹೋಗುತ್ತದೆ. ದನಿ ಒಡೆಯುತ್ತಿದ್ದುದು ಇದಕ್ಕೇ.

ಕೆಳಪಾಲಿನ 220 ಮೈಕ್ರೋಫ್ಯಾರಡ್ ಕೆಪಾಸಿಟರಿನ ಒಂದು ಕಾಲು ಎತ್ತಿದೊಡನೆ 4.4, 4.4ಕ್ಕೆ ಬಂತು. ಲೆಕ್ಕ ಹಾಕಿದರೆ ಅದರೊಳಗೆ ಸುಮಾರು 0.7 ಮಿಲಿಆಂಪ್ ಸೋರುತ್ತಿತ್ತು. ಮೇಲ್ನೋಟಕ್ಕೆ ಉಬ್ಬಿಲ್ಲ, ಒಡೆದಿಲ್ಲ. ಕಣ್ಣನ್ನು ನಂಬಿದ್ದರೆ ಸಿಗುತ್ತಿರಲಿಲ್ಲ. ಮೇಲ್ಪಾಲಿನದೂ ಸೇರಿ ಎರಡು ಕೆಪಾಸಿಟರನ್ನೂ 25 ವೋಲ್ಟ್, 105 ಡಿಗ್ರಿ ತಾಪ ತಾಳುವುದಕ್ಕೆ ಬದಲಿಸಲಾಯಿತು. ಇಲ್ಲಿ ಬಹಳ ಮಂದಿ ಎಡವುತ್ತಾರೆ: ಮೇಲಿನದರ ಮೈನಸ್ ಕಾಲು ಮತ್ತು ಕೆಳಗಿನದರ ಪ್ಲಸ್ ಕಾಲು, ಇವೆರಡೂ ನಡುಬಿಂದುವಿಗೆ. ಎರಡರ ಮೈನಸ್ಸನ್ನೂ ಬ್ಯಾಟರಿಯ ಮೈನಸ್ಸಿಗೆ ಕೊಡಬಾರದು.

ದಿನ 3

ಔಟ್‌ಪುಟ್ ಜಾಕಿನ ಎಡ ಕಾಲಿನ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕಿತ್ತು, ಲೆನ್ಸಿನಲ್ಲಿ ಮಾತ್ರ ಕಾಣುವಂಥದ್ದು. ಹಳೆ ಸೋಲ್ಡರ್ ಪೂರ್ತಿ ತೆಗೆದು, ಫ್ಲಕ್ಸ್ ಹಚ್ಚಿ ಹೊಸದಾಗಿ ಬೆಸೆದ ಮೇಲೆ ಸಂಪರ್ಕ ಗಟ್ಟಿ. ಐಸಿಯ 4ನೇ ಕಾಲು ಚಿಮುಟ ತಾಗಿದೊಡನೆ ಮುರಿದು ಕೈಗೆ ಬಂತು. ಆ ಜಾಗಕ್ಕೆ 8 ಕಾಲಿನ ಸಾಕೆಟ್ ಕೂರಿಸಲಾಯಿತು.

ದಿನ 4

ಮುರಿದ ಐಸಿಗೆ ಬದಲಿಯಾಗಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಸಿಕ್ಕಿದ್ದು ಎನ್‌ಇ 5532. ಕಾಲುಗಳ ಜೋಡಣೆ ಒಂದೇ, ಹಾಗಾಗಿ ಕೂರಿಸಿ ನೋಡಿದ್ದಾಯಿತು. ಔಟ್‌ಪುಟ್‌ನಲ್ಲಿ ಡಿಸಿ (ಹಾಡಿಲ್ಲದಾಗಲೂ ಉಳಿಯುವ, ಏರಿಳಿಯದ ವೋಲ್ಟೇಜ್): ಎಡ −190 ಮಿಲಿವೋಲ್ಟ್, ಬಲ −210. ಇದು ಐಸಿಯ ದೋಷವಲ್ಲ. ಅದರ ಇನ್‌ಪುಟ್ ಸಾಮಾನ್ಯವಾಗಿ 200 ನ್ಯಾನೋಆಂಪ್ ಎಳೆಯುತ್ತದೆ. 100 ಕಿಲೋಓಮಿನ ಇನ್‌ಪುಟ್ ರೆಸಿಸ್ಟರಿನಲ್ಲಿ ಅದು 20 ಮಿಲಿವೋಲ್ಟ್ ಆಗಿ, 11 ಪಟ್ಟು ವರ್ಧನೆಯಲ್ಲಿ 220 ಆಗುತ್ತದೆ. 32 ಓಮಿನ ಹೆಡ್‌ಫೋನಿಗೆ ಈ ಡಿಸಿ ಸದಾ ಹರಿಯುತ್ತಲೇ ಇರುತ್ತದೆ. ಹಾಡು ಕೇಳುತ್ತದೆ, ಆದರೆ ಹೆಡ್‌ಫೋನಿಗೆ ಇದು ಒಳ್ಳೆಯದಲ್ಲ. ತೆಗೆದಿಟ್ಟು ಒಪಿಎ 2134 ಎಂಬ ಇನ್ನೊಂದು ಐಸಿಗೆ ಆರ್ಡರ್.

ದಿನ 9

ಒಪಿಎ 2134 ಬಂತು. ಎಫ್‌ಇಟಿ ಇನ್‌ಪುಟ್ ಆದ್ದರಿಂದ ಅದು ಎಳೆಯುವ ಕರೆಂಟ್ ತೀರಾ ಕಡಿಮೆ, ಆ ತೊಂದರೆಯೇ ಇಲ್ಲ: ಎಡ 4, ಬಲ 7 ಮಿಲಿವೋಲ್ಟ್. ಎಲ್‌ಇಡಿ ಸೇರಿ ಒಟ್ಟು ಕರೆಂಟ್ 10.6 ಮಿಲಿಆಂಪ್. ಮೊದಲು ಹಳೆ ಇಯರ್‌ಫೋನಿನಲ್ಲಿ ಹತ್ತು ನಿಮಿಷ, ಆಮೇಲೆ ಒಳ್ಳೆಯ ಹೆಡ್‌ಫೋನ್. ಜೋರಿನಲ್ಲೂ ದನಿ ಸ್ವಚ್ಛ.

ಬೋರ್ಡಿನ ತಾಮ್ರದ ಬದಿಗೆ ಲ್ಯಾಕರ್ ಸ್ಪ್ರೇ ಎರಡು ತೆಳು ಪದರ. ಜಾಕ್, ಸಾಕೆಟ್, ವಾಲ್ಯೂಮ್ ಕಂಟ್ರೋಲಿಗೆ ಮೊದಲೇ ಟೇಪ್ ಸುತ್ತಿತ್ತು; ಲ್ಯಾಕರ್ ಒಳಗೆ ಇಳಿದರೆ ಅವು ಹಾಳು.

ಬಾಕಿ: ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಮೂವತ್ತು ಸಲ ತಿರುಗಿಸಿದ ಮೇಲೆ ವಾಲ್ಯೂಮಿನ ಕರಕರ ನಿಂತಿದೆ, ಆದರೆ ತೀರಾ ಸಣ್ಣ ದನಿಯಲ್ಲಿ ಬಲಗಡೆ ಜಾಸ್ತಿ. ಕಾರ್ಬನ್ ಪಟ್ಟಿ ಸವೆದಿದೆ. 10 ಕಿಲೋಓಮಿನ ಸ್ಟೀರಿಯೋ ಕಂಟ್ರೋಲ್ ಬೇಕು, ಮೈಮೇಲೆ ‘ಎ10ಕೆ’ ಎಂದಿರುವುದೇ. ‘ಬಿ10ಕೆ’ ಹಾಕಿದರೆ ಸ್ವಲ್ಪ ತಿರುಗಿಸುವಷ್ಟರಲ್ಲೇ ದನಿ ತುಂಬಾ ಏರಿಬಿಡುತ್ತದೆ.