ಶ್ರೀಕಾರ ಹಾಕಿದ ಅರ್ಜಿಗಳು

1997ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ಊರಿಗೆ ಪದವಿ ಸಿಕ್ಕ ಹೊತ್ತಿನಲ್ಲೇ ಅರ್ಧ ಊರು ಖಾಲಿಯಾಗಬೇಕಿತ್ತು. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟಿದ್ದ ಆಲಮಟ್ಟಿ ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂದಿತ್ತು. ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ನಮ್ಮ ಓಣಿಗಳಿಗೆ ಬರುವುದಿತ್ತು. ಶಾಲೆಗೆ ಹೊಸಬ ಬಂದರೆ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ, "ನಿಮ್ಮ ಮನೆ ಎಷ್ಟು ಮೀಟರಿನಲ್ಲಿದೆ?" ಮುಳುಗಡೆಯ ಗೆರೆ ಹೇಳುವ, ಸಮುದ್ರಮಟ್ಟದಿಂದ ಅಳೆದ 521, 523 ಎಂಬ ಎತ್ತರದ ಅಂಕಿಗಳು ಭೂಗೋಳದ ಪಾಠಕ್ಕಿಂತ ಮೊದಲೇ ನಮಗೆ ಬಾಯಿಪಾಠವಾಗಿದ್ದವು.

ನೀರು ಈ ಮಳೆಗಾಲಕ್ಕೋ ಮುಂದಿನದಕ್ಕೋ, ಯಾರಿಗೂ ಖಚಿತವಿರಲಿಲ್ಲ. ಮುಳುಗಡೆಯವರಿಗಾಗಿ ಕಟ್ಟುತ್ತಿದ್ದ ನವನಗರದಲ್ಲಿ ಯಾವ ಸೆಕ್ಟರಿನಲ್ಲಿ ನಿವೇಶನ, ಪಕ್ಕದಲ್ಲಿ ಯಾರ ಮನೆ, ಪೇಟೆಯ ಗಿರಾಕಿಗಳು ಅಷ್ಟು ದೂರ ಬರುತ್ತಾರೆಯೇ ಎಂಬ ಮಾತೇ ದಿನವಿಡೀ. ಕೆಲವರು ತೊಲೆ, ಜಂತಿ, ಬಾಗಿಲ ಚೌಕಟ್ಟುಗಳನ್ನು ಬಿಚ್ಚಿ ಬಂಡಿಗೆ ಹೇರಿದರು. ಇನ್ನು ಕೆಲವರು ಅದೇ ವರ್ಷ ಗೋಡೆಗೆ ಹೊಸ ಸುಣ್ಣ ಬಳಿದರು! ಹುಡುಗರಾದ ನಮಗೆ ಒಂದೇ ಚಿಂತೆ: ಕಿಲ್ಲಾದವರು ಒಂದು ಕಡೆ, ಹಳಪೇಟೆಯವರು ಒಂದು ಕಡೆ ಹೋದರೆ ಹೋಳಿಯಲ್ಲಿ ಯಾರು ಯಾರ ಮೇಲೆ ಬಣ್ಣ ಎರಚುವುದು?

ನಮ್ಮ ಆಯಿ ಮಾತ್ರ ಅಲುಗಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಕರಡಿಗೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡರೆ ಅವಳ ದಿನ ಶುರುವಾಗುತ್ತಿತ್ತು. ಓಣಿಯ ಗುಡಿಯ ದೇವರನ್ನು ಎಲ್ಲಿಗೆ ಒಯ್ಯುತ್ತಾರೋ ಎಂದು ಪಕ್ಕದ ಮನೆಯ ಕಾಕು ಕಣ್ಣೀರು ಹಾಕಿದಾಗ ಆಯಿ ಅವಳ ಕೈ ಹಿಡಿದುಕೊಂಡು, "ನನ್ನವನು ಕೊರಳಲ್ಲೇ ಇದ್ದಾನೆ. ಅವನಿಗೆ ನೋಟಿಸೂ ಇಲ್ಲ, ನಿವೇಶನವೂ ಬೇಡ. ನಿನ್ನವನೂ ನಿನ್ನನ್ನು ಬಿಟ್ಟು ಇಲ್ಲಿ ಕೂರುವುದಿಲ್ಲ" ಎಂದಳು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ದೇವರಿದ್ದರೆ ನೀರನ್ನು ನಿಲ್ಲಿಸಲಿ ಎಂಬುದು ನನ್ನ ವಾದ. ಕನ್ನಡ ಕಲಿಸುತ್ತಿದ್ದ ಮಾಸ್ತರರ ಮುಂದೆ ಅದನ್ನೇ ಆಡಿಬಿಟ್ಟೆ. ಹಣೆಯ ತುಂಬ ವಿಭೂತಿ ಧರಿಸುವ ಅವರು ಗದರಿಸುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: "ಕೂಡಲಸಂಗಮಕ್ಕೆ ಹೋಗಿದ್ದೀಯಲ್ಲ? ನಾರಾಯಣಪುರ ಜಲಾಶಯದ ಹಿನ್ನೀರು ಬಸವಣ್ಣನವರ ಐಕ್ಯಸ್ಥಳವನ್ನೇ ಬಿಡಲಿಲ್ಲ. ಆಗ ನೀರು ನಿಂತಿತೇ? ಜನ ಸುತ್ತ ಬಾವಿಯಂತೆ ಗೋಡೆ ಎತ್ತಿದರು, ಇಳಿಯಲು ಮೆಟ್ಟಿಲು ಕಟ್ಟಿದರು. ಈಗ ನೀರಿನ ನಡುವೆ ಇಳಿದು ಹೋಗಿ ಕೈಮುಗಿಯುತ್ತೇವೆ."

ಮಾಸ್ತರರು ತಾವೂ ಗೋಡೆ ಎತ್ತುವ ಜನವೇ. ಸಂಜೆ ಶಾಲೆ ಬಿಟ್ಟ ಮೇಲೆ ವರಾಂಡದಲ್ಲಿ ಕುಳಿತು, ಬರೆಯಲು ಬಾರದವರಿಗೆ ಪರಿಹಾರದ ಅರ್ಜಿ ಬರೆದುಕೊಡುತ್ತಿದ್ದರು. ಹಾಳೆಯ ನೆತ್ತಿಯಲ್ಲಿ ಸಣ್ಣದಾಗಿ "ಶ್ರೀ", ಅದರ ಕೆಳಗೆ ಮನೆಯ ಸಿ.ಟಿ.ಎಸ್. (ನಗರ ಸರ್ವೆ) ನಂಬರು, ಮನೆಯ ಉದ್ದಗಲ, ಕಂಬಗಳ ಲೆಕ್ಕ. ಅಕ್ಷರ ದುಂಡಗಿದ್ದ ಕಾರಣ ನಕಲು ಪ್ರತಿ ಮಾಡುವ ಕೆಲಸ ನನಗೆ ಬಿದ್ದಿತು. ಒಮ್ಮೆ ಹೆಬ್ಬೆಟ್ಟು ಒತ್ತಲು ಬಂದ ಮುದುಕನೊಬ್ಬ, ಹಿತ್ತಿಲ ಕೋಣೆಯನ್ನು ಅಳತೆಯಲ್ಲಿ ಹಿಡಿದಿಲ್ಲ, ದೇವರ ಇಚ್ಛೆ, ಹೋಗಲಿ ಬಿಡಿ ಎಂದ. ಮಾಸ್ತರರು ಪೆನ್ನು ಕೆಳಗಿಟ್ಟರು. "ಅಳತೆ ತಪ್ಪಿದ್ದು ದೇವರಲ್ಲ ಅಜ್ಜಾ, ಟೇಪು ಹಿಡಿದವನು. ಅವನ ತಪ್ಪನ್ನು ಶಿವನ ತಲೆಗೆ ಕಟ್ಟಬೇಡ." ಮರು ಅಳತೆಗೆ ಬೇರೆ ಅರ್ಜಿಯೇ ಸಿದ್ಧವಾಯಿತು. ಅದಕ್ಕೂ ಶ್ರೀಕಾರ.

ಆ ಮುದುಕನಿಗೆ ಹಣ ಬಂದಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಎಲ್ಲ ಅರ್ಜಿಗಳೂ ಫಲಿಸಲಿಲ್ಲ ಎಂಬುದು ಮಾತ್ರ ಗೊತ್ತು. ತಿರಸ್ಕೃತವಾದದ್ದನ್ನು ಮಾಸ್ತರರು ಓದಿ, ಮಡಚಿ, ಪ್ರಾರ್ಥನೆಯ ಗಂಟೆಗೆ ಎಂದಿನಂತೆ ಬಂದು ನಿಲ್ಲುತ್ತಿದ್ದರು. ಭಕ್ತಿಯ ಬಗ್ಗೆ ಆಮೇಲೆ ದೊಡ್ಡ ದೊಡ್ಡ ಉಪನ್ಯಾಸಗಳನ್ನು ಕೇಳಿದ್ದೇನೆ. ಅವುಗಳಲ್ಲಿ ಒಂದೂ ಆ ವರಾಂಡದಷ್ಟು ನನಗೆ ತಾಗಲಿಲ್ಲ.

ನೀರು ಬಂದಿತು. ನಮ್ಮ ಓಣಿ ಹೋಯಿತು, ಹಳೆಯ ಊರಿನ ಒಂದು ಭಾಗ ಉಳಿಯಿತು. ನವನಗರದ ಮನೆಗೆ ಸಾಮಾನು ಇಳಿಸುವಾಗಲೇ ಆಯಿ ಮೂಡಣ ದಿಕ್ಕು ಯಾವ ಕಡೆ ಎಂದು ಕೇಳಿ, ಟ್ರಂಕುಗಳ ನಡುವೆಯೇ ಜಾಗ ಮಾಡಿಕೊಂಡು ಪೂಜೆಗೆ ಕುಳಿತಳು. ಹಾಲು ಉಕ್ಕಿಸುವುದಕ್ಕೂ ಕಾಯಲಿಲ್ಲ.

2010ರಲ್ಲಿ ರಾಜ್ಯಗಳ ನಡುವೆ ನದಿಯ ನೀರು ಹಂಚುವ ಕೃಷ್ಣಾ ನ್ಯಾಯಾಧಿಕರಣ ಆಲಮಟ್ಟಿಯ ನೀರಿನ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಒಪ್ಪಿದ ಮೇಲೆ ಇನ್ನಷ್ಟು ಹಳ್ಳಿಗಳಲ್ಲಿ ಅದೇ ಮೀಟರಿನ ಮಾತು ಶುರುವಾಗಿದೆ. ಅಂಥ ಹಳ್ಳಿಯ ಮಕ್ಕಳು ನಮ್ಮ ಶಾಲೆಯಲ್ಲಿ ಈಗಲೂ ಓದುತ್ತಿರಬಹುದು. ಅವರ ಮನೆಯ ಹಿರಿಯರಿಗೆ ಅರ್ಜಿ ಬರೆಸಬೇಕಿದ್ದರೆ ಸಂಪಾದಕರ ಬಳಿ ನನ್ನ ವಿಳಾಸವಿದೆ. ನನ್ನ ಅಕ್ಷರ ಇನ್ನೂ ದುಂಡಗೇ ಇದೆ.