ರಾತ್ರಿ ಎಷ್ಟು ಸಲ ಏಳಬೇಕು ಅಂತ ಮೊದಲು ಕೇಳಿ

ವಿದೇಶದಲ್ಲಿ ವಯಸ್ಸಾದವರ ಮನೆಯಲ್ಲೇ ಉಳಿದು ಅವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊರಟವರು ಸಂಬಳ ಕೇಳುತ್ತಾರೆ, ವೀಸಾ ಕೇಳುತ್ತಾರೆ. ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ಈ ಕೆಲಸದಲ್ಲಿ ಮನಸ್ಸು ಕುಸಿಯಲು ಶುರುವಾಗುವುದೇ ರಾತ್ರಿಯ ಹೊತ್ತು.

ನಾನು ನೋಡಿಕೊಳ್ಳುವ ಅಜ್ಜಿಗೆ ಡಿಮೆನ್ಷಿಯಾ, ಅಂದರೆ ನೆನಪು, ತಿಳುವಳಿಕೆ ಮಾಸುತ್ತಾ ಹೋಗುವ ಕಾಯಿಲೆ. ಬೆಳಿಗ್ಗೆ ನಗುನಗುತ್ತಾ ಇರುತ್ತಾರೆ. ಸಂಜೆ ಬೆಳಕು ಇಳಿಯುತ್ತಿದ್ದಂತೆ ಚಡಪಡಿಕೆ. ಕೈಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತು "ನನ್ನ ಮನೆಗೆ ಕಳಿಸು" ಎನ್ನುತ್ತಾರೆ. ಅದು ಅವರದೇ ಮನೆ. ತಡೆದರೆ ಬೈಗುಳ, ಒಮ್ಮೊಮ್ಮೆ ಏಟು. ಈ ಕಾಯಿಲೆಯಲ್ಲಿ ಸಂಜೆಯ ಗೊಂದಲ ಸಾಮಾನ್ಯ, ಅದಕ್ಕೆ ಸನ್‌ಡೌನಿಂಗ್ ಎಂಬ ಹೆಸರೇ ಇದೆ ಅಂತ ನರ್ಸ್ ಒಬ್ಬರು ಹೇಳಿದ ದಿನ ನನ್ನ ಎದೆ ಹಗುರಾಯಿತು. ಈಗ ವಾದಕ್ಕೆ ಇಳಿಯುವುದಿಲ್ಲ. ಕತ್ತಲಾಗುವ ಮುಂಚೆಯೇ ದೀಪಗಳನ್ನೆಲ್ಲ ಹಾಕಿ, ಮಡಚಲು ಟವೆಲ್ ಕೊಡುತ್ತೇನೆ. ಮಡಚಿ ಮುಗಿದರೆ ಬಿಡಿಸಿ ಮತ್ತೆ ಕೊಡುತ್ತೇನೆ.

ಆದರೆ ಕಾಯಿಲೆ ಅರ್ಥವಾದ ಮಾತ್ರಕ್ಕೆ ನಿದ್ದೆ ಬರುವುದಿಲ್ಲ. ಅಜ್ಜಿಯ ಕೋಣೆಯ ಸದ್ದು ಕೇಳಿಸುವ ಮಾನಿಟರ್ ನನ್ನ ದಿಂಬಿನ ಪಕ್ಕದಲ್ಲಿದೆ, ಅವರು ಮಗ್ಗುಲಾದ ಸದ್ದಿಗೂ ಎಚ್ಚರ. ಹೀಗೇ ವಾರಗಳು ಕಳೆದರೆ ಕಾರಣವಿಲ್ಲದೆ ಅಳು, ಚಮಚ ಕೆಳಗೆ ಬಿದ್ದರೂ ಸಿಟ್ಟು. ಊರಿಂದ ಫೋನ್ ಮಾಡಿದವರು "ಧೈರ್ಯ ತಂದ್ಕೋ" ಎನ್ನುತ್ತಾರೆ. ನಿದ್ದೆಗೆಟ್ಟವರಿಗೆ ಬೇಕಾದದ್ದು ಧೈರ್ಯವಲ್ಲ, ನಿದ್ದೆ. ನಾನು ರಾತ್ರಿ ಎದ್ದ ಹೊತ್ತನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಅಜ್ಜಿಯ ಮಗಳಿಗೆ ತೋರಿಸಿದೆ. ಬಾಯಲ್ಲಿ ಹೇಳಿದ್ದರೆ ದೂರು ಅನಿಸುತ್ತಿತ್ತೇನೋ. ಬರೆದದ್ದನ್ನು ನೋಡಿ ಅವರು ಸುಮ್ಮನೆ ಕೂತರು. ಈಗ ವಾರದಲ್ಲಿ ಕೆಲವು ರಾತ್ರಿ ಅವರೇ ಬಂದು ಮಲಗುತ್ತಾರೆ. ಅದೇ ನೋಟ್‌ಬುಕ್ ನೋಡಿದ ಡಾಕ್ಟರು ಅಜ್ಜಿಗೆ ಮೂತ್ರದ ಸೋಂಕು ಇದೆಯೇ, ಎಲ್ಲಾದರೂ ನೋವಿದೆಯೇ ಅಂತ ಪರೀಕ್ಷೆ ಮಾಡಿಸಿದರು. ವಯಸ್ಸಾದವರಲ್ಲಿ ಇವೆರಡೂ ಗೊಂದಲ ಹೆಚ್ಚಿಸುತ್ತವೆ.

ಇನ್ನು ವಾರದ ರಜೆ. ರಜೆ ಇದೆ, ಆದರೆ ರೂಮಿನಲ್ಲೇ ಇರು ಎಂದರೆ ಅದು ರಜೆಯಲ್ಲ, ಕರೆದರೆ ಹೋಗಲೇಬೇಕಾಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಅಂಗೀಕರಿಸಿದ ಮನೆಗೆಲಸದವರ ಒಪ್ಪಂದ, ಸಂಖ್ಯೆ 189, ಇದನ್ನು ನೇರವಾಗಿ ಹೇಳುತ್ತದೆ: ವಾರಕ್ಕೆ ಕನಿಷ್ಠ 24 ಗಂಟೆ ಸತತ ವಿಶ್ರಾಂತಿ, ಆ ಹೊತ್ತಿನಲ್ಲಿ ಮನೆಯಲ್ಲೇ ಇರಬೇಕೆಂಬ ಕಟ್ಟುಪಾಡಿಲ್ಲ, ಪಾಸ್‌ಪೋರ್ಟ್ ಕೆಲಸದವರ ಕೈಯಲ್ಲೇ ಇಟ್ಟುಕೊಳ್ಳಬಹುದು. ಇದಕ್ಕೆ ಒಪ್ಪದ ದೇಶಗಳೂ ಇವೆ. ಹಾಗಾಗಿ ನೀವು ಹೋಗುವ ದೇಶದ ಕಾನೂನು ತಿಳಿದುಕೊಂಡು, ರಜೆಯ ದಿನವನ್ನೂ ರಾತ್ರಿಯ ಕೆಲಸವನ್ನೂ ಕರಾರುಪತ್ರದಲ್ಲೇ ಬರೆಸಿ. ಏಜೆಂಟರ ಬಾಯಿಮಾತು ಸಾಲದು. ರಜೆಯ ದಿನ ಮಳೆ ಬರಲಿ, ಚಳಿ ಇರಲಿ, ನಾನು ಹೊರಗೆ ಹೋಗೇ ಹೋಗುತ್ತೇನೆ. ಪಾರ್ಕಿನ ಬೆಂಚಾದರೂ ಸರಿ.

ಯಾರೂ ಹೇಳದ ಇನ್ನೊಂದು ಸಂಗತಿ ಸಾವು. ನನ್ನ ಗೆಳತಿ ವರ್ಷಗಟ್ಟಲೆ ಉಣಿಸಿ, ಮೀಯಿಸಿ, ಮಲಗಿಸಿದ ತಾತ ತೀರಿಕೊಂಡಾಗ ಬಂದವರಿಗೆಲ್ಲ ಟೀ ಮಾಡಿಕೊಟ್ಟವಳು ಅವಳೇ. ಅವಳ ಕೈ ಹಿಡಿದು ಮಾತಾಡಿಸಿದವರಿಲ್ಲ. ಕೆಲಸವೂ ಹೋಯಿತು, ರೂಮೂ ಬಿಡಬೇಕಾಯಿತು, ಮಾಲೀಕರ ಹೆಸರಿಗೆ ಅಂಟಿಕೊಂಡಿದ್ದ ವೀಸಾದ ಚಿಂತೆ ಬೇರೆ. ಅವಳ ದುಃಖಕ್ಕೆ ಜಾಗವೇ ಇರಲಿಲ್ಲ. ಇದೇ ಕೆಲಸದಲ್ಲಿರುವ ಒಬ್ಬಿಬ್ಬರ ಗೆಳೆತನ ಮೊದಲೇ ಬೆಳೆಸಿಕೊಂಡಿದ್ದರೆ ಅಂಥ ಹೊತ್ತಿನಲ್ಲಿ ಅಳಲು ಒಂದು ಹೆಗಲು, ನಾಲ್ಕು ದಿನ ಮಲಗಲು ಒಂದು ಮೂಲೆ ಸಿಗುತ್ತದೆ. ಬದುಕೇ ಬೇಡ ಅನಿಸಲು ಶುರುವಾದರೆ ಮಾತ್ರ ಗೆಳತಿಯರ ಮಾತಿಗೇ ನಿಲ್ಲಬೇಡಿ, ಅದೇ ದಿನ ಡಾಕ್ಟರಿಗೆ ಹೇಳಿ.

ಊರಲ್ಲಿರುವವರಿಗೂ ಒಂದು ಮಾತು. ನಿಮ್ಮ ಮಗಳ, ಸೊಸೆಯ, ತಂಗಿಯ ರಜೆಯ ದಿನ ಯಾವುದೆಂದು ಕೇಳಿಟ್ಟುಕೊಳ್ಳಿ. ಆ ದಿನದ ಫೋನಿನಲ್ಲಿ ಸಾಲ, ಜಾಗದ ತಕರಾರು ಬೇಡ, ಅವು ಇನ್ನೊಂದು ದಿನ ಮಾತಾಡಿದರೂ ನಡೆಯುತ್ತದೆ. ನಿನ್ನೆ ನಿದ್ದೆ ಬಂತಾ ಅಂತ ಕೇಳಿ, ಅವಳು ಹೇಳಿ ಮುಗಿಸುವವರೆಗೂ ಕೇಳಿಸಿಕೊಳ್ಳಿ.