ಹಲ್ಲು ಕಚ್ಚಿದಾಗ ಜಾಸ್ತಿಯಾದ ಸದ್ದು

ತುಮಕೂರು, 12 ಆಗಸ್ಟ್ 2024, ಸೋಮವಾರ

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಇನ್ನೂ 19 ಬ್ಲೌಸು ಬಾಕಿ ಇವೆ. ಆದರೂ ಇವತ್ತು ಮಿಷನ್ ಮುಚ್ಚಿಟ್ಟು ಕಿವಿ ಡಾಕ್ಟರ ಹತ್ತಿರ ಹೋಗಿ ಬಂದೆ.

ಹದಿನೈದು ದಿನದಿಂದ ಎರಡೂ ಕಿವಿಯಲ್ಲಿ ಕುಯ್ ಅಂತ ಸದ್ದು. ಹಗಲು ಬಿ.ಎಚ್. ರಸ್ತೆಯ ಗದ್ದಲದಲ್ಲಿ ಗೊತ್ತಾಗುವುದಿಲ್ಲ. ರಾತ್ರಿ ಲೈಟು ಆರಿಸಿದ ಮೇಲೆ ಶುರು. ನಿದ್ದೆ ಇಲ್ಲದೆ ಅಳು ಬರುತ್ತಿತ್ತು. ಅತ್ತೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ, "ಎರಡು ಹನಿ ಬಿಡ್ತೀನಿ ಬಾರಮ್ಮ" ಅಂದಿದ್ದರು. ತೋರಿಸಿಕೊಂಡು ಬರ್ತೀನಿ ಇರಿ ಅತ್ತೆ ಅಂದಿದ್ದೆ.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಗುಗ್ಗೆ ಇರಲಿಲ್ಲ. ಸಣ್ಣ ರೂಮಿನಲ್ಲಿ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿಸಿದರು. ಕೇಳಿಸುವುದೂ ಸರಿಯಾಗಿಯೇ ಇದೆ. ಆಮೇಲೆ, "ಹಲ್ಲು ಗಟ್ಟಿಯಾಗಿ ಕಚ್ಚಿ ನೋಡಿ" ಅಂದರು. ಕಚ್ಚಿದೆ. ಕುಯ್ ಅನ್ನೋದು ಒಮ್ಮೆಲೇ ಜೋರಾಯಿತು. ಬಿಟ್ಟೆ, ಇಳಿಯಿತು. ಹಣೆಗೆ ಅಂಗೈ ಒತ್ತಿ ಹಿಡಿದು, ತಲೆ ಮುಂದಕ್ಕೆ ತಳ್ಳಿ ಅಂದರು. ಆಗಲೂ ಬದಲಾಯಿತು. ಕಿವಿ ಹಿಂದಿನ ಮೂಳೆಯಿಂದ ಎದೆ ಕಡೆಗೆ ಇಳಿಯುವ ಸ್ನಾಯುವನ್ನು ಅವರು ಹಿಚುಕಿದಾಗ ಪ್ರಾಣ ಹೋದಂತಾಯಿತು. ಹುರಿ ಹಾಕಿದ ಹಗ್ಗದ ಹಾಗಿತ್ತು.

ಕಿವಿಯ ನರ ಮಿದುಳಿನ ಬುಡದಲ್ಲಿ ಹೋಗಿ ಸೇರುವ ಜಾಗಕ್ಕೇ ಕತ್ತು, ದವಡೆಯ ನರಗಳ ಸಂದೇಶವೂ ಬರುತ್ತದಂತೆ. ಕತ್ತು ಸದಾ ಬಿಗಿದಿದ್ದರೆ ಆ ಜಾಗ ಕೆರಳಿ, ಹೊರಗೆ ಇಲ್ಲದ ಸದ್ದು ಕೇಳಿಸಬಹುದು. ಎಲ್ಲರಿಗೂ ಹೀಗಲ್ಲ, ಕಿವಿ ಮಂದವಾಗಿಯೇ ಸದ್ದು ಬರೋದು ಜಾಸ್ತಿ ಅಂದರು. ನನಗೆ ಕತ್ತುನೋವೂ ಸದ್ದೂ ಒಟ್ಟಿಗೇ ಶುರುವಾಗಿವೆ, ಅದಕ್ಕೇ ಕತ್ತಿನ ಮೇಲೆ ಅನುಮಾನ. ಒಂದೇ ಕಿವಿಯಲ್ಲಿ ಸದ್ದು ಬಂದರೆ, ನಾಡಿಯ ಹಾಗೆ ಬಡಿದರೆ, ತಟ್ಟನೆ ಕಿವಿ ಕೇಳದಾದರೆ ಒಂದು ದಿನವೂ ತಡಮಾಡದೆ ತೋರಿಸಬೇಕಂತೆ. ಇದನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಿ.

ಸಂಜೆ ಹುಕ್ಕು ಹಾಕಲು ಕೂತಾಗ ನನ್ನನ್ನೇ ಗಮನಿಸಿದೆ. ಗಲ್ಲ ಎದೆಗೆ ತಾಗುವಷ್ಟು ಬಗ್ಗಿದ್ದೆ. ಸೂಜಿ ಬಟ್ಟೆಯಲ್ಲಿ ಇಳಿದಾಗೆಲ್ಲ ಹಲ್ಲು ಕಚ್ಚುತ್ತಿದ್ದೆ. ದಾರ ಕಡಿಯೋದೂ ಹಲ್ಲಲ್ಲೇ! ಇಪ್ಪತ್ತು ವರ್ಷದಿಂದ ಹೀಗೇ ಅಲ್ವಾ? ಮಗ ಮಿಷನ್ ಕಾಲಿನ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿಕೊಟ್ಟ. ನಾಳೆಯಿಂದ ಫಿಸಿಯೋಥೆರಪಿ.

ಕಿವಿಗೆ ಎಣ್ಣೆ ಬಿಡಲೇಬೇಡಿ ಅಂದಿದ್ದಾರೆ. ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಅದೇ ಎಣ್ಣೆ ಬೆಚ್ಚಗೆ ಮಾಡಿ ತಂದು, ನನ್ನ ಜಡೆ ಎತ್ತಿ ಹಿಡಿದು, ಕತ್ತಿಗೆ ಹಚ್ಚಿ ನಿಧಾನಕ್ಕೆ ತಿಕ್ಕಿದರು.